ಕಣ್ಣಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ಓದುಗರ ಪ್ರಶ್ನೆ, ನೇತ್ರತಜ್ಞರ ಉತ್ತರ

ಅಕ್ಷಿಪಟಲ ಸವೆದು ದೃಷ್ಟಿ ಕುಂದುವ ಕಾಯಿಲೆಗಳಿಗೆ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಮಾಗಬಲ್ಲ ಆಕರಕೋಶ, ಚಿಕಿತ್ಸೆ ನೆರವಾಗುತ್ತದೆಯೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರು ಮತ್ತು ಊರನ್ನು ಕೈಬಿಡಲಾಗಿದೆ.

ಪ್ರಶ್ನೆ: ಮಾನ್ಯ ಡಾಕ್ಟರರೇ, ನನ್ನ ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ಎರಡೂ ಕಣ್ಣುಗಳಲ್ಲಿ ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತವಿದೆ, ಅದು ‘ಒಣ’ ಬಗೆಯದು ಎಂದು ವೈದ್ಯರು ಹೇಳಿದ್ದಾರೆ. ಎದುರಿಗೆ ಕುಳಿತವರ ಮುಖ ಅವರಿಗೆ ಕಾಣುವುದಿಲ್ಲ. ಆದರೆ ಮನೆಯೊಳಗೆ ಯಾರ ಆಸರೆಯೂ ಇಲ್ಲದೆ ಓಡಾಡುತ್ತಾರೆ. ಸ್ಟೆಮ್ ಸೆಲ್ ಹಾಕಿಸಿದರೆ ಹೋದ ದೃಷ್ಟಿ ಮರಳುತ್ತದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ಇದು ನಿಜವೇ? ಅವರನ್ನು ಎಲ್ಲಿಗೆ ಕರೆದೊಯ್ಯಬೇಕು?

ಉತ್ತರ: ನೇರವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಣ ಮ್ಯಾಕುಲಾ ಸವೆತಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಇಂದಿಗೂ ಪ್ರಯೋಗದ ಹಂತದಲ್ಲಿದೆ. ಹಣ ಕಟ್ಟಿ ಮಾಡಿಸಿಕೊಳ್ಳಬಹುದಾದ, ಫಲ ಸಾಬೀತಾದ ಚಿಕಿತ್ಸೆಯ ರೂಪದಲ್ಲಿ ಅದು ಇನ್ನೂ ನಮ್ಮ ಕೈಗೆ ಬಂದಿಲ್ಲ. ಹಾಗೆಂದು ಬಂಧುಗಳು ಕೇಳಿದ್ದೆಲ್ಲ ಸುಳ್ಳೆಂದೂ ತಿಳಿಯಬೇಡಿ. ಈ ಪ್ರಯೋಗಗಳ ಹಿಂದೆ ಗಟ್ಟಿಯಾದ ವಿಜ್ಞಾನವಿದೆ, ಮತ್ತು ಅದನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಕಣ್ಣಿನ ಹಿಂಬದಿಯ ಒಳಗೋಡೆಯಲ್ಲಿರುವ ಅಕ್ಷಿಪಟಲದ ನಟ್ಟನಡುವಿನ ಚಿಕ್ಕ ಭಾಗವೇ ಮ್ಯಾಕುಲಾ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಬೇಕಾದ ನಿಖರ ನೋಟವೆಲ್ಲ ಅಲ್ಲಿಂದಲೇ ಬರುತ್ತದೆ. ಸುತ್ತಲಿನ ಅಂಚು ಓಡಾಟಕ್ಕೆ ಬೇಕಾದ ನೋಟವನ್ನು ಕೊಡುತ್ತದೆ. ನಿಮ್ಮ ತಾಯಿಯವರು ಮುಖ ಕಾಣದಿದ್ದರೂ ಸಲೀಸಾಗಿ ಓಡಾಡುತ್ತಿರುವುದು ಈ ಕಾರಣದಿಂದ. ಬೆಳಕನ್ನು ಹಿಡಿಯುವ ದಂಡಕೋಶ ಮತ್ತು ಶಂಕುಕೋಶಗಳ ಅಡಿಯಲ್ಲಿ ಒಂದೇ ಒಂದು ಕೋಶದಷ್ಟು ದಪ್ಪದ, ಕಂದು ಬಣ್ಣದ ಪದರವೊಂದಿದೆ. ಇದನ್ನು ವರ್ಣಕ ಪದರ ಎಂದು ಕರೆಯೋಣ. ಬೆಳಕುಗ್ರಾಹಿ ಕೋಶಗಳು ದಿನವೂ ತಮ್ಮ ತುದಿಯ ಭಾಗವನ್ನು ಕಳಚಿಹಾಕುತ್ತವೆ; ಕಳಚಿದ್ದನ್ನು ನುಂಗಿ ಅರಗಿಸುವುದು, ಕೆಳಗಿನ ರಕ್ತನಾಳಗಳಿಂದ ಪೋಷಕಾಂಶ ತಂದುಕೊಡುವುದು, ಬೆಳಕು ತಾಗಿ ಬದಲಾದ ವಿಟಮಿನ್ ಎ ಅಂಶವನ್ನು ಮತ್ತೆ ಬಳಕೆಗೆ ಸಿದ್ಧಪಡಿಸುವುದು, ಇವೆಲ್ಲ ಈ ಪದರದ ಕೆಲಸ. ಬೆಳೆಗೆ ಮಣ್ಣು ಹೇಗೋ ಬೆಳಕುಗ್ರಾಹಿ ಕೋಶಗಳಿಗೆ ಈ ಪದರ ಹಾಗೆ. ವಯಸ್ಕರಲ್ಲಿ ಈ ಕೋಶಗಳು ಸಾಮಾನ್ಯವಾಗಿ ವಿಭಜನೆಗೊಳ್ಳುವುದಿಲ್ಲವಾದ್ದರಿಂದ ಸತ್ತವುಗಳ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಒಣ ಸವೆತದಲ್ಲಿ ಈ ಪದರ ತೇಪೆತೇಪೆಯಾಗಿ ಅಳಿಯುತ್ತದೆ, ಅದರ ಮೇಲೆ ನಿಂತಿದ್ದ ಬೆಳಕುಗ್ರಾಹಿ ಕೋಶಗಳೂ ಸಾಯುತ್ತವೆ.

ಹಾಗಿದ್ದರೆ ಪ್ರಯೋಗಾಲಯದಲ್ಲಿ ಆಕರಕೋಶಗಳಿಂದ ಹೊಸ ವರ್ಣಕ ಕೋಶಗಳನ್ನು ಬೆಳೆಸಿ ಅಕ್ಷಿಪಟಲದ ಅಡಿಯಲ್ಲಿ ಇರಿಸಿದರೆ ಹೇಗೆ ಎಂಬುದೇ ಈ ಚಿಕಿತ್ಸೆಯ ತಿರುಳು. ಗಮನಿಸಿ, ಕಣ್ಣಿಗೆ ಹಾಕುವುದು ಆಕರಕೋಶಗಳನ್ನಲ್ಲ, ಅವುಗಳಿಂದ ಪೂರ್ತಿಯಾಗಿ ಮಾಗಿಸಿದ ವರ್ಣಕ ಕೋಶಗಳನ್ನು. ಅಮೆರಿಕದಲ್ಲಿ ಭ್ರೂಣಮೂಲದ ಆಕರಕೋಶಗಳಿಂದ ಬೆಳೆಸಿದ ಇಂಥ ಕೋಶಗಳನ್ನು 18 ರೋಗಿಗಳ ಒಂದೊಂದು ಕಣ್ಣಿಗೆ, 50 ಸಾವಿರದಿಂದ 1.5 ಲಕ್ಷದವರೆಗಿನ ಪ್ರಮಾಣದಲ್ಲಿ ಹಾಕಿದ ಪ್ರಯೋಗದ ವರದಿ 2015ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ಅವರಲ್ಲಿ ಒಂಬತ್ತು ಮಂದಿಗೆ ಒಣ ಮ್ಯಾಕುಲಾ ಸವೆತವಿತ್ತು, ಉಳಿದ ಒಂಬತ್ತು ಮಂದಿಗೆ ಎಳೆವಯಸ್ಸಿನಲ್ಲೇ ಕಾಣಿಸುವ ಸ್ಟಾರ್‌ಗಾರ್ಟ್ ಕಾಯಿಲೆಯಿತ್ತು. ಹಾಕಿದ ಕೋಶಗಳಿಂದ ಗೆಡ್ಡೆ ಬೆಳೆಯಲಿಲ್ಲ, ದೇಹ ಅವುಗಳನ್ನು ತಿರಸ್ಕರಿಸಿದ ಲಕ್ಷಣವೂ ಕಾಣಲಿಲ್ಲ. 13 ಮಂದಿಯಲ್ಲಿ ಅಕ್ಷಿಪಟಲದ ಅಡಿಯಲ್ಲಿ ಹೊಸದಾಗಿ ಬಣ್ಣದ ತೇಪೆ ಕಾಣಿಸಿತು. ಹತ್ತು ಕಣ್ಣುಗಳಲ್ಲಿ ದೃಷ್ಟಿ ಸುಧಾರಿಸಿತು, ಒಂದರಲ್ಲಿ ಸ್ಪಷ್ಟವಾಗಿ ಕುಸಿಯಿತು. 2018ರಲ್ಲಿ ಲಂಡನ್ನಿನ ತಂಡವೊಂದು ಕೋಶಗಳನ್ನು ತೆಳುವಾದ ಹಾಳೆಯ ಮೇಲೆ ಹಾಸಿ, ಆ ಹಾಳೆಯನ್ನೇ ಮ್ಯಾಕುಲಾದ ಕೆಳಗೆ ಸೇರಿಸಿದ ವರದಿ ಬಂತು. ಅಕ್ಷಿಪಟಲದ ಅಡಿಯ ರಕ್ತನಾಳಗಳಿಂದ ದ್ರವ ಸೋರುವ ‘ಒದ್ದೆ’ ಬಗೆಯ ತೀವ್ರ ಸವೆತವಿದ್ದ ಇಬ್ಬರು ರೋಗಿಗಳು ಒಂದು ವರ್ಷದ ನಂತರ ಪರೀಕ್ಷೆಯ ಫಲಕದಲ್ಲಿ ಕ್ರಮವಾಗಿ 29 ಮತ್ತು 21 ಅಕ್ಷರಗಳನ್ನು ಹೆಚ್ಚಾಗಿ ಓದಿದರು. ಅದೇ ಅಧ್ಯಯನದಲ್ಲಿ ಒಬ್ಬರ ಅಕ್ಷಿಪಟಲ ಕಳಚಿಕೊಂಡಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಪ್ರಯೋಗದಲ್ಲಿ, ಮುಂದುವರಿದ ಒಣ ಸವೆತವಿದ್ದ ರೋಗಿಯೊಬ್ಬರ ಸ್ವಂತ ರಕ್ತದ ಕೋಶಗಳನ್ನೇ ಆಕರಕೋಶಗಳಾಗಿ ಪರಿವರ್ತಿಸಿ, ಅವುಗಳಿಂದ ಬೆಳೆಸಿದ ವರ್ಣಕ ಪದರವನ್ನು ಆ ದೇಶದಲ್ಲಿ ಮೊದಲ ಬಾರಿಗೆ ಅಳವಡಿಸಲಾಯಿತು.

ಈ ಅಂಕಿಗಳನ್ನು ಓದಿದಾಗ ಮನಸ್ಸು ಹಿಗ್ಗುವುದು ಸಹಜ; ನನಗೂ ಹಿಗ್ಗುತ್ತದೆ. ಆದರೂ ಎರಡು ಮಾತನ್ನು ಸೇರಿಸಲೇಬೇಕು. ಈ ಆರಂಭಿಕ ಪ್ರಯೋಗಗಳು ಮುಖ್ಯವಾಗಿ ಕೇಳುವುದು ‘ಇದರಿಂದ ಹಾನಿಯಿಲ್ಲವೇ’ ಎಂಬ ಪ್ರಶ್ನೆಯನ್ನು. ‘ಇದರಿಂದ ಎಷ್ಟು ಲಾಭ’ ಎಂಬುದಕ್ಕೆ ಬೆರಳೆಣಿಕೆಯ ರೋಗಿಗಳು ಸಾಲುವುದಿಲ್ಲ. ಮ್ಯಾಕುಲಾ ಕೆಟ್ಟವರು ಕ್ರಮೇಣ ಅಂಚಿನ ನೋಟದಿಂದ ಅಕ್ಷರ ಹುಡುಕುವುದನ್ನು ಕಲಿಯುತ್ತಾರೆ, ಹಾಗಾಗಿ ಚಿಕಿತ್ಸೆಯೇ ಇಲ್ಲದೆಯೂ ಫಲಕದ ಮೇಲಿನ ಅಂಕ ಒಮ್ಮೊಮ್ಮೆ ಏರುತ್ತದೆ; ಚಿಕಿತ್ಸೆ ಪಡೆಯದವರ ಗುಂಪಿನೊಂದಿಗೆ ಹೋಲಿಸದ ಹೊರತು ಏರಿಕೆ ಯಾವುದರಿಂದ ಬಂತೆಂದು ನಿರ್ಧರಿಸಲಾಗದು. ಇನ್ನೊಂದು ಮಾತು ಇದಕ್ಕಿಂತ ಕಠಿಣವಾದುದು. ವರ್ಣಕ ಪದರವನ್ನು ಹೊಸದಾಗಿ ಹಾಸಿದರೂ, ಅದರ ಮೇಲಿದ್ದ ಬೆಳಕುಗ್ರಾಹಿ ಕೋಶಗಳು ಈಗಾಗಲೇ ಸತ್ತಿದ್ದರೆ ಅಲ್ಲಿ ನೋಟ ಮರಳುವುದಿಲ್ಲ. ಅಂದರೆ ಈ ಚಿಕಿತ್ಸೆಯ ಲಾಭ ಸಿಗಬೇಕಾದದ್ದು ಕಾಯಿಲೆಯ ಮಧ್ಯಂತರ ಹಂತದಲ್ಲಿ. ಆದರೆ ಆ ಹಂತದ ರೋಗಿಗೆ ಇನ್ನೂ ಸಾಕಷ್ಟು ದೃಷ್ಟಿ ಉಳಿದಿರುತ್ತದೆ, ಕಳೆದುಕೊಳ್ಳುವುದಕ್ಕೂ ಅಷ್ಟೇ ಇರುತ್ತದೆ. ಆದ್ದರಿಂದಲೇ ಪ್ರಯೋಗಗಳು ದೃಷ್ಟಿ ತೀರಾ ಕುಂದಿದವರಿಂದ ಆರಂಭವಾಗಿ ನಿಧಾನವಾಗಿ ಹಿಂದಿನ ಹಂತಗಳತ್ತ ಸಾಗುತ್ತಿವೆ. ಈ ನಿಧಾನ ರೋಗಿಗಳಿಗೂ ಮನೆಯವರಿಗೂ ನೋವು ಕೊಡುತ್ತದೆ ಎಂದು ನನಗೆ ಗೊತ್ತು, ಆದರೂ ಇದು ಸರಿಯಾದ ನಿಧಾನವೆಂದೇ ನನ್ನ ಅಭಿಪ್ರಾಯ.

ಈಗ ನೀವು ಮಾಡಬೇಕಾದದ್ದು ಇಷ್ಟು. ತಾಯಿಯವರ ಕಾಯಿಲೆ ಯಾವ ಹಂತದಲ್ಲಿದೆ ಎಂಬುದನ್ನು, ಅಕ್ಷಿಪಟಲವನ್ನು ಪದರಪದರವಾಗಿ ತೋರಿಸುವ ಓಸಿಟಿ ಸ್ಕ್ಯಾನ್ ಆಧಾರದಲ್ಲಿ ಅಕ್ಷಿಪಟಲ ತಜ್ಞರಿಂದ ಕೇಳಿ ತಿಳಿಯಿರಿ. ಮಧ್ಯಂತರ ಹಂತದಲ್ಲಿದ್ದವರಿಗೆ ನಿರ್ದಿಷ್ಟ ಪ್ರಮಾಣದ ವಿಟಮಿನ್ ಸಿ, ವಿಟಮಿನ್ ಇ, ಸತು, ತಾಮ್ರ, ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಇರುವ ಮಾತ್ರೆಗಳು ಕಾಯಿಲೆ ಉಲ್ಬಣಿಸುವ ಸಂಭವವನ್ನು ಐದು ವರ್ಷಗಳ ಅವಧಿಯಲ್ಲಿ ಸುಮಾರು ಕಾಲುಭಾಗದಷ್ಟು ತಗ್ಗಿಸುತ್ತವೆ ಎಂಬುದಕ್ಕೆ ದೊಡ್ಡ ಅಧ್ಯಯನಗಳ ಆಧಾರವಿದೆ. ಸವೆತದ ತೇಪೆ ಹರಡುವ ವೇಗವನ್ನು ಕಡಿಮೆ ಮಾಡುವ, ಕಣ್ಣಿನೊಳಕ್ಕೆ ಚುಚ್ಚುವ ಎರಡು ಔಷಧಗಳಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆತಿದೆ. ಅವು ಹೋದ ನೋಟವನ್ನು ತಂದುಕೊಡುವುದಿಲ್ಲ. ಮನೆಯಲ್ಲಿ ಒಂದೊಂದೇ ಕಣ್ಣನ್ನು ಮುಚ್ಚಿ ಚೌಕುಳಿ ಗೆರೆಗಳ ಹಾಳೆಯನ್ನು ನೋಡುವ ಅಭ್ಯಾಸ ಮಾಡಿಸಿ. ಗೆರೆಗಳು ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಒಣ ಬಗೆಯು ಒದ್ದೆ ಬಗೆಗೆ ತಿರುಗಿರಬಹುದು, ಅದಕ್ಕೆ ಚುಚ್ಚುಮದ್ದಿನ ಒಳ್ಳೆಯ ಚಿಕಿತ್ಸೆಯಿದೆ, ಆದರೆ ವಾರಗಟ್ಟಲೆ ತಡಮಾಡುವಂತಿಲ್ಲ. ದೊಡ್ಡದಾಗಿ ತೋರಿಸುವ ಮಸೂರ, ಓದಿ ಹೇಳುವ ಫೋನ್, ಪ್ರಖರವಾದ ದೀಪ, ಇವುಗಳ ಬಳಕೆಯನ್ನು ಕಲಿಸುವ ಅಲ್ಪದೃಷ್ಟಿ ವಿಭಾಗಕ್ಕೆ ಕರೆದೊಯ್ಯುವುದನ್ನು ಮಾತ್ರ ಯಾವ ಹೊಸ ಚಿಕಿತ್ಸೆಗಾಗಿಯೂ ಮುಂದೂಡಬೇಡಿ.

ಪ್ರಶ್ನೆ: ನನಗೆ ಇಪ್ಪತ್ತೇಳು ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಇರುಳುಗುರುಡು ಬಾಲ್ಯದಿಂದಲೂ ಇತ್ತು, ಈಗ ಹಗಲಿನಲ್ಲೂ ಅಕ್ಕಪಕ್ಕದ ನೋಟ ಕಿರಿದಾಗುತ್ತಿದೆ. ನನ್ನ ಜೀವಿತಾವಧಿಯಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಬರುತ್ತದೆಯೇ ಸರ್?

ಉತ್ತರ: ನಿಮ್ಮ ಕಾಯಿಲೆ ಸುಮಾರು ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆ, ಮತ್ತು ಇದು ಒಂದೇ ಕಾಯಿಲೆಯಲ್ಲ; 80ಕ್ಕೂ ಹೆಚ್ಚು ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಇದೇ ಚಿತ್ರ ಮೂಡಬಹುದು. ಬಹುಪಾಲು ರೋಗಿಗಳಲ್ಲಿ ಮೊದಲು ಸಾಯುವುದು ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು, ಅವುಗಳ ಹಿಂದೆಯೇ ಶಂಕುಕೋಶಗಳು. ಮೇಲಿನ ಪತ್ರದ ತಾಯಿಯವರಿಗೆ ಬೇಕಾದದ್ದು ವರ್ಣಕ ಪದರ. ನಿಮಗೆ ಬೇಕಾದದ್ದು ಬೆಳಕುಗ್ರಾಹಿ ಕೋಶಗಳೇ. ವರ್ಣಕ ಕೋಶಕ್ಕೆ ನರಸಂಪರ್ಕ ಬೇಕಿಲ್ಲ, ತನ್ನ ಜಾಗದಲ್ಲಿ ಕುಳಿತು ಪೋಷಿಸಿದರೆ ಸಾಕು. ಬೆಳಕುಗ್ರಾಹಿ ಕೋಶವಾದರೋ ಸರಿಯಾದ ದಿಕ್ಕಿಗೆ ತಿರುಗಿ ನಿಲ್ಲಬೇಕು, ಮುಂದಿನ ನರಕೋಶದೊಂದಿಗೆ ಸಂಪರ್ಕ ಬೆಸೆಯಬೇಕು, ಬೆಳಕು ಬಿದ್ದಾಗ ಅದಕ್ಕೆ ಸಂಕೇತ ದಾಟಿಸಬೇಕು.

ಈ ದಾರಿಯಲ್ಲಿ ವಿಜ್ಞಾನಿಗಳು ಒಮ್ಮೆ ದಿಕ್ಕು ಬದಲಿಸಬೇಕಾಗಿ ಬಂದ ಕಥೆ ನಿಮಗೆ ತಿಳಿದಿರಲಿ, ಏಕೆಂದರೆ ಹಳೆಯ ವರದಿಗಳನ್ನು ಇಂದಿಗೂ ಹಲವರು ಆಧಾರವಾಗಿ ತೋರಿಸುತ್ತಾರೆ. 2006ರಲ್ಲಿ ಎಳೆಯ ದಂಡಕೋಶಗಳನ್ನು ಇಲಿಗಳ ಅಕ್ಷಿಪಟಲಕ್ಕೆ ಸೇರಿಸಿದಾಗ ಅವು ಅಲ್ಲಿಯೇ ನೆಲೆಯೂರಿದವು ಎಂದು ವರದಿಯಾಯಿತು, ಜಗತ್ತಿನಾದ್ಯಂತ ಸಂಶೋಧಕರು ಆ ಹಾದಿ ಹಿಡಿದರು. ಹತ್ತು ವರ್ಷಗಳ ನಂತರ, 2016ರಲ್ಲಿ, ಒಂದಕ್ಕಿಂತ ಹೆಚ್ಚು ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟದ್ದು ಏನೆಂದರೆ, ಬಹುಪಾಲು ಸಂದರ್ಭಗಳಲ್ಲಿ ಹೊಸ ಕೋಶಗಳು ಅಕ್ಷಿಪಟಲದೊಳಗೆ ಸೇರಿಕೊಂಡಿರಲಿಲ್ಲ. ಬದಲಿಗೆ ತಮ್ಮಲ್ಲಿದ್ದ ಪ್ರೋಟೀನ್ ಮುಂತಾದ ವಸ್ತುಗಳನ್ನು ಇಲಿಯ ಸ್ವಂತ ಕೋಶಗಳಿಗೆ ದಾಟಿಸಿದ್ದವು, ಗುರುತಿಗಾಗಿ ಹಾಕಿದ್ದ ಹೊಳೆಯುವ ಬಣ್ಣವೂ ಹಾಗೆಯೇ ದಾಟಿತ್ತು. ಉಳಿದಿರುವ ಕೋಶಗಳಿಗೆ ಇದರಿಂದ ನೆರವಾದೀತು, ಆದರೆ ಕೋಶಗಳೇ ಉಳಿದಿಲ್ಲದ ಅಕ್ಷಿಪಟಲದಲ್ಲಿ ನೆರವು ಪಡೆಯುವವರೇ ಇರುವುದಿಲ್ಲ. ತನ್ನದೇ ಫಲಿತಾಂಶವನ್ನು ಹೀಗೆ ಮರುಪರಿಶೀಲಿಸಿದ್ದು ಈ ಕ್ಷೇತ್ರದ ಬಗ್ಗೆ ನನ್ನ ನಂಬಿಕೆಯನ್ನು ಹೆಚ್ಚಿಸಿದೆ.

ಆಮೇಲಿನ ಪ್ರಯತ್ನಗಳು ಬಿಡಿ ಕೋಶಗಳ ಬದಲಿಗೆ, ಪ್ರಯೋಗಾಲಯದಲ್ಲಿ ಬೆಳೆಸಿದ ಎಳೆಯ ಅಕ್ಷಿಪಟಲದ ತುಣುಕನ್ನೇ ಕಸಿ ಮಾಡುವತ್ತ ವಾಲಿವೆ. ಜಪಾನಿನ ಕೋಬೆಯಲ್ಲಿ ನಿಮ್ಮದೇ ಕಾಯಿಲೆ ಮುಂದುವರಿದ ಹಂತದಲ್ಲಿದ್ದ ಇಬ್ಬರಿಗೆ ಇಂಥ ಕಸಿ ಮಾಡಲಾಯಿತು. ಎರಡು ವರ್ಷಗಳವರೆಗೆ ಕಸಿಯು ಅಲ್ಲಿಯೇ ಉಳಿದಿತ್ತು ಮತ್ತು ಗಂಭೀರ ತೊಂದರೆ ಕೊಡಲಿಲ್ಲ ಎಂದು 2023ರಲ್ಲಿ ವರದಿಯಾಗಿದೆ. ಕಸಿ ಉಳಿಯುವುದು ಬೇರೆ, ಅದರಿಂದ ಉಪಯುಕ್ತ ನೋಟ ಬರುವುದು ಬೇರೆ. ಎರಡನೆಯದಕ್ಕೆ ಇನ್ನೂ ಕಾಯಬೇಕು. ಎಷ್ಟು ವರ್ಷ ಎಂದು ಹೇಳಿದರೆ ಅದು ನನ್ನ ಊಹೆಯಾದೀತೇ ಹೊರತು ತಿಳಿವಳಿಕೆಯಲ್ಲ, ಆದ್ದರಿಂದ ಹೇಳುವುದಿಲ್ಲ. ನಿಮಗೆ ಇಪ್ಪತ್ತೇಳು ವರ್ಷ ಎಂಬುದು ಮಾತ್ರ ನಿಮ್ಮ ಪರವಾಗಿದೆ.

ಕಾಯುವ ಅವಧಿಯಲ್ಲಿ ಜೀನ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿ. ಆರ್‌ಪಿಇ65 ಎಂಬ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿರುವವರಿಗೆ, ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿದ್ದರೆ, ಜೀನ್ ಚಿಕಿತ್ಸೆಯೇ ಇದೆ. ಅಮೆರಿಕದಲ್ಲಿ ಅದಕ್ಕೆ 2017ರ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು. ಇಂಥವರು ಒಟ್ಟು ರೋಗಿಗಳಲ್ಲಿ ಕೆಲವೇ ಮಂದಿ, ಆದರೆ ಆ ಕೆಲವರಲ್ಲಿ ನೀವೂ ಒಬ್ಬರೇ ಎಂಬುದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ. ಮುಂದೆ ಯಾವುದೇ ಪ್ರಯೋಗಕ್ಕೆ ಸೇರಬೇಕೆಂದರೂ ಮೊದಲು ಕೇಳುವುದು ಜೀನ್ ವರದಿಯನ್ನೇ. ಈ ಕಾಯಿಲೆಯಲ್ಲಿ ಮ್ಯಾಕುಲಾ ಊದಿಕೊಳ್ಳುವುದು, ಕಣ್ಣಿನ ಪೊರೆ ಬೇಗ ಬರುವುದು ಸಾಮಾನ್ಯ. ಇವೆರಡಕ್ಕೂ ಚಿಕಿತ್ಸೆಯಿದೆ, ಹಾಗಾಗಿ ‘ಏನೂ ಮಾಡಲಾಗದು’ ಎಂದು ಯಾರಾದರೂ ಹೇಳಿದ್ದರೆ ಅದನ್ನು ನಂಬಿ ತಪಾಸಣೆ ಬಿಡಬೇಡಿ.

ಪ್ರಶ್ನೆ: ನನ್ನ ಪತಿಗೆ ಮ್ಯಾಕುಲಾ ಸವೆತವಿದೆ. ಒಂದು ಕ್ಲಿನಿಕ್‌ನವರು ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಅದೇ ದಿನ ಎರಡೂ ಕಣ್ಣಿಗೆ ಚುಚ್ಚುತ್ತೇವೆ, ನಮ್ಮದೇ ದೇಹದ ಕೋಶವಾದ್ದರಿಂದ ಅಪಾಯವೇ ಇಲ್ಲ, ಸರ್ಕಾರಿ ಪಟ್ಟಿಯಲ್ಲಿ ನಮ್ಮ ಪ್ರಯೋಗ ನೋಂದಣಿಯಾಗಿದೆ ಎನ್ನುತ್ತಿದ್ದಾರೆ. ಮುಂಗಡ ಹಣ ಕಟ್ಟಲು ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಹಣ ಕಟ್ಟಬೇಡಿ ತಾಯಿ, ಕಣ್ಣಿಗೆ ಸೂಜಿ ಹಾಕಿಸಲೂ ಬೇಡಿ. ನೀವು ಬರೆದಿರುವ ಪ್ರತಿಯೊಂದು ವಿವರವೂ 2017ರ ಮಾರ್ಚ್‌ನಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಘಟನೆಯನ್ನು ನೆನಪಿಗೆ ತರುತ್ತದೆ. ಫ್ಲಾರಿಡಾ ರಾಜ್ಯದ ಒಂದು ಕ್ಲಿನಿಕ್‌ನಲ್ಲಿ 72ರಿಂದ 88 ವರ್ಷ ವಯಸ್ಸಿನ ಮೂವರು ಮಹಿಳೆಯರ ಹೊಟ್ಟೆಯಿಂದ ಕೊಬ್ಬನ್ನು ಹೀರಿ ತೆಗೆದು, ಅದರಿಂದ ಬೇರ್ಪಡಿಸಿದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಒಟ್ಟಿಗೇ ಚುಚ್ಚಲಾಯಿತು. ಮೂವರಿಗೂ ಇದ್ದದ್ದು ಮ್ಯಾಕುಲಾ ಸವೆತ. ಚುಚ್ಚುಮದ್ದಿಗೆ ಮೊದಲು ಮೂವರೂ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ನೋಟ ಹೊಂದಿದ್ದರು. ಕೆಲವೇ ದಿನಗಳಲ್ಲಿ ಕಣ್ಣೊಳಗೆ ರಕ್ತಸ್ರಾವ, ಒತ್ತಡದ ಏರಿಕೆ, ಅಕ್ಷಿಪಟಲ ಕಳಚುವಿಕೆ ಕಾಣಿಸಿಕೊಂಡವು. ಮೂವರ ಎರಡೂ ಕಣ್ಣುಗಳ ದೃಷ್ಟಿ ತೀವ್ರವಾಗಿ ಕುಸಿಯಿತು, ಒಬ್ಬರಿಗಂತೂ ಬೆಳಕು ಕತ್ತಲೆಯ ಭೇದವೂ ತಿಳಿಯದಂತಾಯಿತು. ಪ್ರತಿಯೊಬ್ಬರೂ ಇದಕ್ಕಾಗಿ 5,000 ಡಾಲರ್ ಕಟ್ಟಿದ್ದರು.

‘ನಮ್ಮದೇ ಕೋಶ, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಇಷ್ಟು ಸುಲಭವಾಗಿ ನಂಬಿಸುತ್ತದೆ. ದೇಹ ತನ್ನ ಕೋಶವನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ ಎಂಬುದು ನಿಜ. ಆದರೆ ಕೊಬ್ಬಿನ ಅಂಗಾಂಶದಲ್ಲಿರುವ ಆಕರಕೋಶಗಳ ಸಹಜ ಗುಣ ಕೊಬ್ಬು, ಮೂಳೆ, ಮೃದ್ವಸ್ಥಿ, ಗಾಯ ಮಾಯಿಸುವ ನಾರು, ಇಂಥವುಗಳತ್ತ ಸಾಗುವುದು. ಅವು ಕಣ್ಣಿನೊಳಗೆ ಹೋದಮಾತ್ರಕ್ಕೆ ಅಕ್ಷಿಪಟಲದ ಕೋಶಗಳಾಗುವುದಿಲ್ಲ. ಕಣ್ಣಿನ ಒಳಗೆ ನಾರಿನಂಥ ಪೊರೆ ಬೆಳೆದರೆ ಅದು ಕುಗ್ಗುತ್ತಾ ಅಕ್ಷಿಪಟಲವನ್ನು ಎಳೆದು ಕಳಚಿಹಾಕುತ್ತದೆ. ಹಿಂದಿನ ಉತ್ತರಗಳಲ್ಲಿ ಹೇಳಿದ ಪ್ರಯೋಗಗಳಲ್ಲಿ ವರ್ಣಕ ಕೋಶವನ್ನು ತಿಂಗಳುಗಟ್ಟಲೆ ಬೆಳೆಸಿ, ಅದು ವರ್ಣಕ ಕೋಶವೇ ಹೌದೆಂದು ಪರೀಕ್ಷಿಸಿ, ಎಣಿಸಿ, ಅಕ್ಷಿಪಟಲದ ಅಡಿಯ ನಿಗದಿತ ಜಾಗಕ್ಕೆ ಶಸ್ತ್ರಚಿಕಿತ್ಸೆಯ ಮೂಲಕ ಸೇರಿಸುತ್ತಾರೆ. ಬೆಳಿಗ್ಗೆ ತೆಗೆದ ಕೊಬ್ಬನ್ನು ಮಧ್ಯಾಹ್ನ ಕಣ್ಣಿಗೆ ಚುಚ್ಚುವುದಕ್ಕೂ ಇದಕ್ಕೂ ‘ಸ್ಟೆಮ್ ಸೆಲ್’ ಎಂಬ ಹೆಸರಿನ ಹೊರತು ಯಾವ ಸಾಮ್ಯವೂ ಇಲ್ಲ.

ನೋಂದಣಿಯ ಮಾತಿಗೂ ಉತ್ತರಿಸಬೇಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪ್ರಯೋಗಗಳ ಸಾರ್ವಜನಿಕ ಪಟ್ಟಿ ಬಹಳ ಉಪಯುಕ್ತವಾದದ್ದು, ಆದರೆ ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ಕಾರ ಆ ಪ್ರಯೋಗವನ್ನು ಪರಿಶೀಲಿಸಿ ಒಪ್ಪಿದೆ ಎಂದರ್ಥವಲ್ಲ. ವಿವರಗಳನ್ನು ಸೇರಿಸುವವರು ಪ್ರಯೋಗ ನಡೆಸುವವರೇ. ಫ್ಲಾರಿಡಾದ ಆ ರೋಗಿಗಳಲ್ಲೂ ಕೆಲವರು ತಾವು ಒಂದು ವೈಜ್ಞಾನಿಕ ಪ್ರಯೋಗಕ್ಕೆ ಸೇರಿದ್ದೇವೆಂದೇ ನಂಬಿದ್ದರು.

ನಿಜವಾದ ಪ್ರಯೋಗವನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅಲ್ಲಿ ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಎರಡೂ ಕಣ್ಣುಗಳಿಗೆ ಒಂದೇ ದಿನ ಕೈ ಹಾಕುವುದಿಲ್ಲ. ದೃಷ್ಟಿ ಹೆಚ್ಚು ಕುಂದಿದ ಕಣ್ಣನ್ನಷ್ಟೇ ಆರಿಸಿಕೊಂಡು ಇನ್ನೊಂದನ್ನು ಹಾಗೆಯೇ ಉಳಿಸುತ್ತಾರೆ. ಇಂಥದ್ದೇ ಕಾಯಿಲೆ, ಇಂಥದ್ದೇ ಹಂತ ಎಂಬ ಕಟ್ಟುನಿಟ್ಟು ಇರುತ್ತದೆ, ಅದಕ್ಕೆ ಹೊಂದದವರನ್ನು ವಾಪಸು ಕಳಿಸುತ್ತಾರೆ. ಮ್ಯಾಕುಲಾ ಸವೆತ, ಗ್ಲಾಕೋಮಾ, ಸಂಧಿವಾತ, ಪಾರ್ಶ್ವವಾಯು ಎಲ್ಲಕ್ಕೂ ಒಂದೇ ಕೋಶ ಎನ್ನುವವರ ಬಳಿ ಯಾವುದಕ್ಕೂ ಮದ್ದಿಲ್ಲ ಎಂದು ತಿಳಿಯಿರಿ. ಒಪ್ಪಿಗೆ ಪತ್ರದಲ್ಲಿ ಕಣ್ಣು ಪೂರ್ತಿ ಹೋಗುವ ಸಾಧ್ಯತೆಯನ್ನೂ ಸೇರಿಸಿ ಅಪಾಯಗಳನ್ನು ಬರೆದಿರುತ್ತಾರೆ, ಮನೆಗೆ ಒಯ್ದು ಓದಲು ಕೊಡುತ್ತಾರೆ, ಬೇರೆ ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತಾರೆ, ವರ್ಷಗಟ್ಟಲೆ ಮರುತಪಾಸಣೆಗೆ ಕರೆಯುತ್ತಾರೆ. ನಿಮಗೆ ಕರೆ ಮಾಡಿದವರು ಇವುಗಳಲ್ಲಿ ಯಾವುದನ್ನು ಹೇಳಿದರು ಎಂದು ಒಮ್ಮೆ ನೆನಪಿಸಿಕೊಳ್ಳಿ. ನಿಮ್ಮ ಯಜಮಾನರಿಗೆ ಈಗ ಉಳಿದಿರುವ ನೋಟ ಅಲ್ಪವೆನಿಸಬಹುದು, ಆದರೆ ಅದರ ಮೇಲೆಯೇ ಅವರ ದಿನಚರಿ ನಿಂತಿದೆ.

ಪ್ರಶ್ನೆ: ಗ್ಲಾಕೋಮಾದಿಂದ ನನ್ನ ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಹನಿ ಹಾಕುತ್ತಿದ್ದೇನೆ. ಬಲಗಣ್ಣಿಗೆ ಸ್ಟೆಮ್ ಸೆಲ್ ಕಸಿ ಸಾಧ್ಯವೇ?

ಉತ್ತರ: ಸದ್ಯಕ್ಕೆ ಸಾಧ್ಯವಿಲ್ಲ. ಗ್ಲಾಕೋಮಾದಲ್ಲಿ ಸಾಯುವುದು ಅಕ್ಷಿಪಟಲದಿಂದ ಮಿದುಳಿಗೆ ಸಂದೇಶ ಒಯ್ಯುವ ನರಕೋಶಗಳು. ಒಂದು ದೃಷ್ಟಿನರದಲ್ಲಿ ಅವುಗಳ ಹತ್ತು ಲಕ್ಷದಷ್ಟು ಎಳೆಗಳಿರುತ್ತವೆ. ಹೊಸ ಕೋಶವನ್ನು ಕಣ್ಣಿನಲ್ಲಿ ನೆಟ್ಟರೂ ಅದರ ಎಳೆ ದೃಷ್ಟಿನರದ ಉದ್ದಕ್ಕೂ ಬೆಳೆದು, ಮಿದುಳಿನಲ್ಲಿ ತನಗೆ ಸಲ್ಲುವ ಜಾಗವನ್ನೇ ಹುಡುಕಿ ಸೇರಬೇಕು. ಪ್ರಾಣಿಗಳ ಮೇಲೆ ಸಂಶೋಧನೆ ನಡೆಯುತ್ತಿದೆ, ಮನುಷ್ಯರ ಚಿಕಿತ್ಸೆಗೆ ಅದು ಇನ್ನೂ ದೂರ. ಎಡಗಣ್ಣಿನ ಹನಿಯನ್ನು ಒಂದು ಹೊತ್ತೂ ತಪ್ಪಿಸಬೇಡಿ; ಕಣ್ಣಿನ ಒತ್ತಡವನ್ನು ತಗ್ಗಿಸಿದರೆ ಹಾನಿ ನಿಧಾನವಾಗುತ್ತದೆ ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ನಿಮ್ಮ ಒಡಹುಟ್ಟಿದವರಿಗೂ ಮಕ್ಕಳಿಗೂ ತಪಾಸಣೆ ಮಾಡಿಸಲು ಹೇಳಿ.

ಪ್ರಶ್ನೆ: ನಮ್ಮಣ್ಣನ ಒಂದು ಕಣ್ಣಿಗೆ ಕೆಲಸದ ಜಾಗದಲ್ಲಿ ಕ್ಷಾರದ ರಾಸಾಯನಿಕ ಸಿಡಿದು ಕರಿಗುಡ್ಡೆ ಬಿಳಿಚಿಕೊಂಡಿದೆ. ಸ್ಟೆಮ್ ಸೆಲ್ ಕಸಿ ಮಾಡಬಹುದು ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಇದೂ ಮೋಸವೇ?

ಉತ್ತರ: ಅಲ್ಲ, ಖಂಡಿತ ಅಲ್ಲ. ನಿಮ್ಮ ಅಣ್ಣನವರ ತೊಂದರೆ ಸವೆತದ ಕಾಯಿಲೆಯಲ್ಲವಾದರೂ ಈ ಪತ್ರವನ್ನು ಬೇಕೆಂದೇ ಸೇರಿಸಿದ್ದೇನೆ, ಏಕೆಂದರೆ ಕಣ್ಣಿನಲ್ಲಿ ಆಕರಕೋಶದ ಚಿಕಿತ್ಸೆ ಈಗಾಗಲೇ ಗೆದ್ದಿರುವ ಜಾಗ ಇದೇ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾ ತನ್ನ ಮೇಲ್ಪದರವನ್ನು ಸದಾ ಹೊಸದಾಗಿ ಮಾಡಿಕೊಳ್ಳುತ್ತಿರುತ್ತದೆ. ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಕೂಡುವ ಅಂಚಿನಲ್ಲಿ ಅದಕ್ಕೆಂದೇ ಆಕರಕೋಶಗಳಿವೆ. ರಾಸಾಯನಿಕದಿಂದ ಅವು ಸುಟ್ಟುಹೋದರೆ ಕಾರ್ನಿಯಾದ ಮೇಲೆ ಬಿಳಿಗುಡ್ಡೆಯ ಪೊರೆ ರಕ್ತನಾಳಗಳ ಸಮೇತ ಹರಡುತ್ತದೆ. ಇಂಥಲ್ಲಿ ಬರಿಯ ಕಾರ್ನಿಯಾ ಕಸಿ ಮಾಡಿದರೆ ನಿಲ್ಲುವುದಿಲ್ಲ, ಮೊದಲು ಅಂಚಿನ ಕೋಶಗಳನ್ನು ಒದಗಿಸಬೇಕು.

ಇಟಲಿಯ ಗ್ರಾಝಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಮಿಕೆಲೆ ಡಿ ಲೂಕಾ ಅವರು ಆರೋಗ್ಯವಂತ ಕಣ್ಣಿನ ಅಂಚಿನಿಂದ ಪುಟ್ಟ ಚೂರು ತೆಗೆದು, ಪ್ರಯೋಗಾಲಯದಲ್ಲಿ ಹಾಳೆಯಾಗಿ ಬೆಳೆಸಿ, ಕೆಟ್ಟ ಕಣ್ಣಿಗೆ ಹಚ್ಚುವುದು ಸಾಧ್ಯವೆಂದು 1997ರಲ್ಲಿ ತೋರಿಸಿದರು. 112 ರೋಗಿಗಳ ಫಲಿತಾಂಶ 2010ರಲ್ಲಿ ಪ್ರಕಟವಾದಾಗ ನಾಲ್ಕರಲ್ಲಿ ಮೂರಕ್ಕೂ ತುಸು ಹೆಚ್ಚು ಕಣ್ಣುಗಳಲ್ಲಿ ಕಾರ್ನಿಯಾದ ಮೇಲ್ಪದರ ಶಾಶ್ವತವಾಗಿ ಮರಳಿತ್ತು. 2015ರಲ್ಲಿ ಯೂರೋಪಿನಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅಲ್ಲಿ ಅನುಮತಿ ಪಡೆದ ಮೊದಲ ಆಕರಕೋಶ ಚಿಕಿತ್ಸೆ ಇದು. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಪ್ರಯೋಗಾಲಯದ ಅಗತ್ಯವೇ ಇಲ್ಲದ ವಿಧಾನವನ್ನು ಪ್ರಕಟಿಸಿದರು. ಆರೋಗ್ಯವಂತ ಕಣ್ಣಿನಿಂದ ತೆಗೆದ ಚಿಕ್ಕ ಚೂರನ್ನು ಸಣ್ಣಸಣ್ಣದಾಗಿ ಕತ್ತರಿಸಿ, ಗರ್ಭಚೀಲದ ತೆಳುಪೊರೆಯನ್ನು ಹಾಸಿದ ಕೆಟ್ಟ ಕಣ್ಣಿನ ಮೇಲೆ ಹರಡುತ್ತಾರೆ, ಆ ಚೂರುಗಳಿಂದ ಪದರ ಕಣ್ಣಿನ ಮೇಲೆಯೇ ಬೆಳೆಯುತ್ತದೆ. ಎರಡೂ ಕಣ್ಣುಗಳ ಅಂಚಿನ ಕೋಶಗಳು ಹಾಳಾದವರಿಗೆ ಈ ದಾರಿಯಿಲ್ಲ. ಬೇರೆ ಕಾರಣಗಳಿಂದ ಅಂಚಿನ ಕೋಶಗಳನ್ನು ಕಳೆದುಕೊಂಡಿದ್ದ ನಾಲ್ವರಿಗೆ, ದೇಹದ ಸಾಮಾನ್ಯ ಕೋಶಗಳನ್ನು ಪರಿವರ್ತಿಸಿ ಪಡೆದ ಆಕರಕೋಶಗಳಿಂದ ಬೆಳೆಸಿದ ಕಾರ್ನಿಯಾ ಪದರವನ್ನು ಜಪಾನಿನ ಒಸಾಕಾದಲ್ಲಿ ಅಳವಡಿಸಿದ ವರದಿ 2024ರಲ್ಲಿ ಬಂದಿದೆ. ನಿಮ್ಮ ಅಣ್ಣನವರ ಇನ್ನೊಂದು ಕಣ್ಣು ಚೆನ್ನಾಗಿದ್ದರೆ, ಉರಿಯೂತ ಪೂರ್ತಿ ಶಮನವಾದ ಮೇಲೆ, ಕಾರ್ನಿಯಾ ತಜ್ಞರ ಸಲಹೆಯಂತೆ ಮುಂದುವರಿಯಿರಿ. ಅಲ್ಲಿಯವರೆಗೆ ಕಣ್ಣಿನ ತೇವ ಆರದಂತೆ ನೋಡಿಕೊಳ್ಳುವುದು ಮುಖ್ಯ.

ಪ್ರಶ್ನೆ: ಈ ಕೋಶಗಳನ್ನು ಭ್ರೂಣದಿಂದ ತೆಗೆಯುತ್ತಾರಂತೆ. ಕ್ಯಾನ್ಸರ್ ಬರುತ್ತದೆ ಎಂದೂ ಕೇಳಿದ್ದೇನೆ. ಎರಡಕ್ಕೂ ವಿವರಣೆ ಬೇಕು.

ಉತ್ತರ: 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಆಕರಕೋಶಗಳನ್ನು ಮೊದಲು ಬೇರ್ಪಡಿಸಿದರು. ಪ್ರನಾಳ ಶಿಶು ಚಿಕಿತ್ಸೆಯ ನಂತರ ದಂಪತಿಗಳು ಒಪ್ಪಿಗೆಯಿಂದ ಬಿಟ್ಟುಕೊಟ್ಟ, ಕೆಲವೇ ದಿನಗಳ ಭ್ರೂಣಗಳು ಅವು. ಹಾಗೆ ಒಮ್ಮೆ ಪಡೆದ ಕೋಶಗಳ ಸಂತತಿಯನ್ನೇ ವರ್ಷಗಟ್ಟಲೆ ಬೆಳೆಸಬಹುದಾದ್ದರಿಂದ ಪ್ರತಿ ರೋಗಿಗೂ ಹೊಸ ಭ್ರೂಣ ಬೇಕಿಲ್ಲ. ಆದರೂ ಮನಸ್ಸು ಒಪ್ಪದವರಿದ್ದಾರೆ, ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನೇ ನಾಲ್ಕು ಜೀನ್‌ಗಳ ನೆರವಿನಿಂದ ಆಕರಕೋಶಗಳಾಗಿ ತಿರುಗಿಸಿ ತೋರಿಸಿದ ಮೇಲೆ ಭ್ರೂಣವಿಲ್ಲದ ಮಾರ್ಗ ತೆರೆದುಕೊಂಡಿತು. 2012ರ ನೊಬೆಲ್ ಅವರಿಗೆ ಸಂದದ್ದು ಈ ಕೆಲಸಕ್ಕೆ.

ಕ್ಯಾನ್ಸರಿನ ಭಯ ಆಧಾರರಹಿತವಲ್ಲ. ಮಾಗದ ಆಕರಕೋಶ ಒಂದಿಷ್ಟು ಉಳಿದುಬಿಟ್ಟರೂ ಗೆಡ್ಡೆ ಬೆಳೆಯಬಹುದು, ಕೋಶಗಳನ್ನು ಬೆಳೆಸುವಾಗ ಜೀನ್‌ಗಳಲ್ಲಿ ಬದಲಾವಣೆಯೂ ಆಗಬಹುದು. 2014ರ ಸೆಪ್ಟೆಂಬರ್‌ನಲ್ಲಿ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ ಅವರದೇ ಚರ್ಮದಿಂದ ರೂಪಿಸಿದ ವರ್ಣಕ ಪದರವನ್ನು ಅಳವಡಿಸಿತು. ಜಗತ್ತಿನಲ್ಲಿ ಯಾವುದೇ ಅಂಗಕ್ಕೆ ಇಂಥ ಕೋಶ ಹಾಕಿದ್ದು ಅದೇ ಮೊದಲು. ಒಂದು ವರ್ಷದ ನಂತರ ಪದರ ಹಾಗೆಯೇ ಇತ್ತು. ದೃಷ್ಟಿ ಹೆಚ್ಚಲೂ ಇಲ್ಲ, ಕುಂದಲೂ ಇಲ್ಲ. ಎರಡನೆಯ ರೋಗಿಗೆ ಸಿದ್ಧಪಡಿಸಿದ್ದ ಕೋಶಗಳಲ್ಲಿ ಜೀನ್‌ಗಳ ಬದಲಾವಣೆ ಕಂಡುಬಂದಾಗ ತಂಡ ಕಸಿಯನ್ನೇ ಕೈಬಿಟ್ಟಿತು. ಆ ಬದಲಾವಣೆ ಅಪಾಯಕಾರಿ ಎಂದು ಸಾಬೀತಾಗಿರಲಿಲ್ಲ, ಆದರೂ ನಿಲ್ಲಿಸಿದರು. ಎಚ್ಚರಿಕೆ ಎಂದರೆ ಹೀಗಿರಬೇಕು. ಕಣ್ಣಿನ ವಿಷಯದಲ್ಲಿ ಒಂದು ಅನುಕೂಲವೂ ಇದೆ: ಹಾಕಿದ ಕೋಶಗಳನ್ನು ಪಾಪೆಯ ಮೂಲಕ ನೇರವಾಗಿ ನೋಡಬಹುದು, ಪದರಪದರವಾಗಿ ಸ್ಕ್ಯಾನ್ ಮಾಡಬಹುದು, ಬೇಡದ ಬೆಳವಣಿಗೆ ಕಂಡರೆ ಬೇಗ ಗುರುತಿಸಬಹುದು. ಬೇರೆ ಯಾವ ಒಳಾಂಗಕ್ಕೂ ಇಷ್ಟು ಸಲೀಸಾದ ಕಾವಲು ಸಾಧ್ಯವಿಲ್ಲ. ಬೇರೆಯವರ ಕೋಶ ಹಾಕಿಸಿಕೊಂಡವರಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳ ಅಡ್ಡಪರಿಣಾಮ ಮಾತ್ರ ವಯಸ್ಸಾದವರಲ್ಲಿ ಇಂದಿಗೂ ದೊಡ್ಡ ಚಿಂತೆಯೇ.

ಪ್ರಶ್ನೆ: ಮಗಳು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿ ಇಡಿಸಿದ್ದೇವೆ. ಅವಳ ಅಜ್ಜಿಯ ಅಕ್ಷಿಪಟಲದ ಕಾಯಿಲೆಗೆ ಅದನ್ನು ಬಳಸಬಹುದೇ?

ಉತ್ತರ: ಇಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿರುವುದು ಮುಖ್ಯವಾಗಿ ರಕ್ತವನ್ನು ಉತ್ಪಾದಿಸುವ ಆಕರಕೋಶಗಳು. ರಕ್ತದ ಕ್ಯಾನ್ಸರ್ ಮತ್ತು ಕೆಲವು ಹುಟ್ಟು ರಕ್ತದೋಷಗಳಲ್ಲಿ ಅವುಗಳಿಂದ ಪ್ರಯೋಜನವಿದೆ; ಅಕ್ಷಿಪಟಲದ ಕೋಶಗಳಾಗಿ ಅವು ಬದಲಾಗುವುದಿಲ್ಲ. ಅಜ್ಜಿಯವರ ಕಾಯಿಲೆಯ ಹೆಸರನ್ನು ನೀವು ಬರೆದಿಲ್ಲ. ಅವರ ಇತ್ತೀಚಿನ ಓಸಿಟಿ ವರದಿ, ಸಕ್ಕರೆ ಕಾಯಿಲೆ ಇದೆಯೇ ಎಂಬ ವಿವರ, ಎರಡೂ ಕಣ್ಣುಗಳ ದೃಷ್ಟಿಯ ಅಳತೆ, ಇಷ್ಟನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ದೃಷ್ಟಿ ಕಳೆದ ಕೆಲವು ವಾರಗಳಲ್ಲೇ ಕುಸಿದಿದ್ದರೆ ಮಾತ್ರ ಸಂಚಿಕೆಗಾಗಿ ಕಾಯದೆ ಈಗಲೇ ಅಕ್ಷಿಪಟಲ ತಜ್ಞರಿಗೆ ತೋರಿಸಿ.